ಹುಂಡಿ ದರ, ಜೋಳದ ದರ: ಬ್ರಿಟಿಷ್ ಸರ್ಕಾರ ತುಟ್ಟಿಭತ್ಯೆ ಲೆಕ್ಕ ಹಾಕಿದ ಬಗೆ

1905ರ ಸುಮಾರಿಗೆ ಬ್ರಿಟಿಷ್ ಇಂಡಿಯಾದಲ್ಲಿ ತಿಂಗಳಿಗೆ 1,000 ರೂಪಾಯಿ ಸಂಬಳದ ಐರೋಪ್ಯ ಅಧಿಕಾರಿಯ ಪಗಾರ ಬಿಲ್ಲಿನಲ್ಲಿ ಇನ್ನೊಂದು ಸಾಲು ಇರುತ್ತಿತ್ತು: 62 ರೂಪಾಯಿ 8 ಆಣೆ (16 ಆಣೆಗೆ ಒಂದು ರೂಪಾಯಿ), ವಿನಿಮಯ ನಷ್ಟ ಭತ್ಯೆ. ಸಂಬಳದ ಶೇ. 6¼. ಅದೇ ಕಚೇರಿಯ ಬಾಗಿಲಲ್ಲಿ ನಿಂತ ಜವಾನನಿಗೂ ಬೆಲೆಯೇರಿಕೆಯ ಕಾಲದಲ್ಲಿ ಒಂದಿಷ್ಟು ಸಿಗುತ್ತಿತ್ತು. ಅದರ ಹೆಸರು ಧಾನ್ಯ ಭತ್ಯೆ. ಸಾಹೇಬರ ಭತ್ಯೆಯನ್ನು ಲಂಡನ್ನಿನ ಹುಂಡಿ ದರ, ಅಂದರೆ ಒಂದು ರೂಪಾಯಿಗೆ ಎಷ್ಟು ಪೆನ್ಸ್ ಎಂಬ ವಿನಿಮಯ ದರ, ನಿರ್ಧರಿಸುತ್ತಿತ್ತು, ಜವಾನನದನ್ನು ಪೇಟೆಯ ಜೋಳದ ದರ. ಒಂದೇ ಸರ್ಕಾರ, ಎರಡು ಅಳತೆಗೋಲು. ವಸಾಹತು ಆಡಳಿತ ಜೀವನವೆಚ್ಚವನ್ನು ಹೇಗೆ ಅಳೆಯಿತು ಎಂದು ತಿಳಿಯಬೇಕಾದರೆ ಎರಡರ ಒಳಗೂ ಇಳಿಯಬೇಕು.

ಮೊದಲು ಸಾಹೇಬರ ಲೆಕ್ಕ. 1870ರ ದಶಕದ ಆರಂಭದಲ್ಲಿ ಒಂದು ರೂಪಾಯಿಗೆ ಸುಮಾರು 23 ಪೆನ್ಸ್ ಸಿಗುತ್ತಿತ್ತು. ರೂಪಾಯಿ ಬೆಳ್ಳಿಯದು, ಪೌಂಡ್ ಚಿನ್ನದ್ದು. ಬೆಳ್ಳಿಯ ಬೆಲೆ ಜಗತ್ತಿನಾದ್ಯಂತ ಕುಸಿಯುತ್ತ ಹೋದಂತೆ ರೂಪಾಯಿಯೂ ಇಳಿಯಿತು. 1892-93ರ ಸರಾಸರಿ 15 ಪೆನ್ಸ್, 1894-95ರಲ್ಲಿ 13 ಪೆನ್ಸಿನ ಆಸುಪಾಸು. ಅಧಿಕಾರಿಗಳ ಸಂಬಳ ರೂಪಾಯಿಯಲ್ಲಿ. ಇಂಗ್ಲೆಂಡಿನಲ್ಲಿದ್ದ ಹೆಂಡತಿಯ ಮನೆಬಾಡಿಗೆ, ಮಕ್ಕಳ ಶಾಲೆಯ ಶುಲ್ಕ, ವಿಮೆಯ ಕಂತು ಎಲ್ಲವೂ ಪೌಂಡಿನಲ್ಲಿ. ಇಲ್ಲಿ ಅಕ್ಕಿ, ಕುದುರೆ, ಆಳುಕಾಳುಗಳ ಖರ್ಚು ಅದೇ ಪ್ರಮಾಣದಲ್ಲಿ ಏರದಿದ್ದರೂ, ಊರಿಗೆ ಕಳಿಸುವ ಹಣ ಮಾತ್ರ ಎರಡು ದಶಕದಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಸೊರಗಿತ್ತು.

1893ರ ಜೂನ್ 26ರಂದು ಸರ್ಕಾರ ಖಾಸಗಿಯವರ ಬೆಳ್ಳಿಗೆ ಟಂಕಸಾಲೆಗಳ ಬಾಗಿಲು ಮುಚ್ಚಿತು. ಅದೇ ವರ್ಷ ವಿನಿಮಯ ನಷ್ಟ ಭತ್ಯೆಯೂ ಬಂತು. ಸೂತ್ರ ಸರಳ. ಅಧಿಕಾರಿ ಅರ್ಧ ಸಂಬಳವನ್ನು ಊರಿಗೆ ಕಳಿಸುತ್ತಾನೆ ಎಂದು ಇಟ್ಟುಕೊಳ್ಳಿ. ಆ ಅರ್ಧವನ್ನು ಮಾರುಕಟ್ಟೆ ದರ ಎಷ್ಟೇ ಇರಲಿ, ರೂಪಾಯಿಗೆ 18 ಪೆನ್ಸಿನಂತೆ ಕಳಿಸಲು ಸಾಧ್ಯವಾಗಬೇಕು. ಕೊರತೆಯನ್ನು ಸರ್ಕಾರ ತುಂಬುತ್ತದೆ. ಹೀಗೆ ಕಳಿಸುವ ಮೊತ್ತ ವರ್ಷಕ್ಕೆ 1,000 ಪೌಂಡ್ ಮೀರುವಂತಿಲ್ಲ.

1,000 ರೂಪಾಯಿ ಸಂಬಳವನ್ನೇ ತೆಗೆದುಕೊಳ್ಳಿ. ಅರ್ಧ, ಅಂದರೆ 500 ರೂಪಾಯಿ, 18 ಪೆನ್ಸಿನಂತೆ 9,000 ಪೆನ್ಸ್. 240 ಪೆನ್ಸಿಗೆ ಒಂದು ಪೌಂಡ್ ಆದ್ದರಿಂದ 37½ ಪೌಂಡ್. ಮಾರುಕಟ್ಟೆ ದರ 13 ಪೆನ್ಸ್ ಇದ್ದರೆ ಈ 37½ ಪೌಂಡಿಗೆ 692 ರೂಪಾಯಿ ಬೇಕು. ಕೊರತೆ 192 ರೂಪಾಯಿ, ಸಂಬಳದ ಶೇ. 19ಕ್ಕೂ ಹೆಚ್ಚು. ದರ 16 ಪೆನ್ಸಿಗೆ ಏರಿದರೆ ಬೇಕಾಗುವುದು 562½ ರೂಪಾಯಿ, ಕೊರತೆ 62½. ಶತಮಾನದ ತಿರುವಿನ ಹೊತ್ತಿಗೆ ರೂಪಾಯಿ 16 ಪೆನ್ಸಿನಲ್ಲಿ ನೆಲೆ ನಿಂತಿದ್ದರಿಂದ ಆ ಶೇ. 6¼ ಹತ್ತಾರು ವರ್ಷ ಅಲುಗಾಡಲಿಲ್ಲ. ಮಿತಿಯನ್ನೂ ಇದೇ ರೀತಿ ಲೆಕ್ಕ ಮಾಡಬಹುದು. 1,000 ಪೌಂಡಿಗೆ 18 ಪೆನ್ಸಿನಂತೆ 13,333 ರೂಪಾಯಿ, 16 ಪೆನ್ಸಿನಂತೆ 15,000. ವ್ಯತ್ಯಾಸವನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 138 ರೂಪಾಯಿ 14 ಆಣೆ ಚಿಲ್ಲರೆ. ಸಂಬಳ ಎಷ್ಟೇ ದೊಡ್ಡದಿರಲಿ, 16 ಪೆನ್ಸಿನ ದರದಲ್ಲಿ ಭತ್ಯೆ ಇದಕ್ಕಿಂತ ಮೇಲೆ ಹೋಗುವಂತಿರಲಿಲ್ಲ.

ಲೆಕ್ಕದಲ್ಲಿ ತಪ್ಪು ಹುಡುಕಿದರೆ ಸಿಗುವುದಿಲ್ಲ. ಲೆಕ್ಕ ಶುರುವಾಗುವ ಮೊದಲೇ ಒಪ್ಪಿಕೊಂಡ ಮೂರು ಸಂಗತಿಗಳಲ್ಲಿ ಹುಡುಕಬೇಕು. ಒಂದು, ‘ಅರ್ಧ ಸಂಬಳ’. ಬ್ರಹ್ಮಚಾರಿ ಅಸಿಸ್ಟೆಂಟ್ ಕಲೆಕ್ಟರ್ ಹತ್ತನೇ ಒಂದು ಭಾಗ ಕಳಿಸಿದರೂ, ಏನನ್ನೂ ಕಳಿಸದಿದ್ದರೂ ಭತ್ಯೆ ಅರ್ಧಕ್ಕೇ. ಎರಡು, 18 ಪೆನ್ಸ್. ಅದು ಮಾರುಕಟ್ಟೆಯಲ್ಲಿ ಆಗ ಇದ್ದ ದರವೂ ಅಲ್ಲ, ಅಧಿಕಾರಿಗಳು ಕೆಲಸಕ್ಕೆ ಸೇರುವಾಗ ಲೆಕ್ಕ ಹಾಕಿಕೊಂಡಿದ್ದ ಹಳೆಯ ದರವೂ ಅಲ್ಲ. ಎರಡರ ನಡುವಿನ ರಾಜಿ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಯಾರಿಗೆ? ಭಾರತದಲ್ಲಿ ನೆಲೆಸಿದವರಲ್ಲದ ಐರೋಪ್ಯರಿಗೆ ಮತ್ತು ಯುರೇಷಿಯನ್ನರಿಗೆ (ಐರೋಪ್ಯ-ಭಾರತೀಯ ಮಿಶ್ರ ಮೂಲದವರಿಗೆ). ತಿಂಗಳಿಗೆ 1,800 ರೂಪಾಯಿ ಪಡೆಯುವ ಇಬ್ಬರು ಅಧಿಕಾರಿಗಳು ಅಕ್ಕಪಕ್ಕದ ಜಿಲ್ಲೆಗಳಲ್ಲಿ ಒಂದೇ ಕೆಲಸ ಮಾಡುತ್ತಿದ್ದರೆ, 16 ಪೆನ್ಸಿನ ದರದಲ್ಲಿ ಒಬ್ಬನಿಗೆ 112 ರೂಪಾಯಿ 8 ಆಣೆ ಹೆಚ್ಚು, ಇನ್ನೊಬ್ಬನಿಗೆ ಸೊನ್ನೆ. ಮಗನನ್ನು ಲಂಡನ್ನಿನಲ್ಲಿ ಓದಿಸುತ್ತಿರುವ ಭಾರತೀಯ ಅಧಿಕಾರಿಗೂ ಸೊನ್ನೆಯೇ. ಖರ್ಚು ಎಲ್ಲಿ ಆಗುತ್ತದೆ ಎಂಬ ಪ್ರಶ್ನೆಗೆ ‘ನಿಮ್ಮ ನೆಲೆ ಯಾವುದು’ ಎಂಬ ಪ್ರಶ್ನೆಯ ಉತ್ತರವನ್ನು ಇಟ್ಟುಬಿಟ್ಟಿದ್ದರು. ಖರ್ಚಿನ ರಸೀದಿ ತಪಾಸಣೆಗಿಂತ ನೆಲೆಯ ತಪಾಸಣೆ ಆಡಳಿತಕ್ಕೆ ಸುಲಭ ಎಂಬುದೂ ನಿಜ.

ಹಣ ಬರುತ್ತಿದ್ದುದು ಇಲ್ಲಿನ ತೆರಿಗೆಯಿಂದ. ಅದೇ ರೂಪಾಯಿ ಕುಸಿತದಿಂದ ಲಂಡನ್ನಿಗೆ ಕಟ್ಟುವ ವೆಚ್ಚ ಉಬ್ಬಿ ಬಜೆಟ್ ಬಿಗಿಯಾಗಿದ್ದಾಗಲೇ ಈ ಹೊಸ ಖರ್ಚು. ಕಾಂಗ್ರೆಸ್ ಅಧಿವೇಶನಗಳು ಇದರ ವಿರುದ್ಧ ಗೊತ್ತುವಳಿ ಮಾಡಿದವು. 1897ರಲ್ಲಿ ಭಾರತದ ಸರ್ಕಾರಿ ಖರ್ಚನ್ನು ಪರಿಶೀಲಿಸುತ್ತಿದ್ದ ವೆಲ್ಬಿ ಆಯೋಗದ ಮುಂದೆ ಸಾಕ್ಷ್ಯ ನುಡಿದ ಗೋಪಾಲಕೃಷ್ಣ ಗೋಖಲೆ ಸರ್ಕಾರದ ಖರ್ಚಿನ ಪಟ್ಟಿಯಲ್ಲಿ ಇದನ್ನೂ ಎತ್ತಿ ತೋರಿಸಿದ್ದರು.

ಸೂತ್ರದ ಒಂದು ಗುಣ ಮೊದಲ ಮಹಾಯುದ್ಧದಲ್ಲಿ ಬಯಲಾಯಿತು. ಬೆಳ್ಳಿ ತುಟ್ಟಿಯಾಗಿ ರೂಪಾಯಿ 1917ರ ಆಗಸ್ಟಿನಲ್ಲಿ 17 ಪೆನ್ಸ್, 1918ರ ಏಪ್ರಿಲ್‌ನಲ್ಲಿ 18, 1919ರ ಕೊನೆಗೆ 28 ಪೆನ್ಸ್ ಮುಟ್ಟಿತು. 18 ಮುಟ್ಟಿದ ಕೂಡಲೇ ಸೂತ್ರದ ಉತ್ತರ ಸೊನ್ನೆ. ಅದೇ ವರ್ಷಗಳಲ್ಲಿ ಇಂಗ್ಲೆಂಡಿನಲ್ಲೂ ಇಲ್ಲಿಯೂ ಬೆಲೆಗಳು ಗಗನಕ್ಕೇರಿದ್ದವು. ವಿನಿಮಯ ದರ ಮಾತ್ರ ನೋಡುವ ಭತ್ಯೆಗೆ ಬೆಲೆ ಕಾಣುವುದೇ ಇಲ್ಲ. ಪೌಂಡ್ ಅಗ್ಗವಾಗಿ, ಪೌಂಡಿಗೆ ಸಿಗುವ ಬೂಟು ದುಪ್ಪಟ್ಟಾದರೂ ಸೂತ್ರಕ್ಕೆ ಎಲ್ಲವೂ ಕ್ಷೇಮ.

ಅದರ ಜಾಗಕ್ಕೆ ಬಂದದ್ದು ಓವರ್‌ಸೀಸ್ ಪೇ, ಅಂದರೆ ಕಡಲಾಚೆಯಿಂದ ಬಂದವರಿಗೆ ಕೊಡುವ ಹೆಚ್ಚುವರಿ ಸಂಬಳ. ಇಂಡಿಯನ್ ಸಿವಿಲ್ ಸರ್ವಿಸ್ಸಿಗೆ (ಐಸಿಎಸ್) ಸೇರುವ ಭಾರತೀಯನಿಗೆ ಮೊದಲ ಸಂಬಳ 450 ರೂಪಾಯಿ, ಐರೋಪ್ಯನಿಗೆ ಅದರ ಮೇಲೆ 150. ಇಲ್ಲೊಂದು ಜಾಣತನವಿದೆ. ಭತ್ಯೆಯನ್ನು ಸಂಬಳ ಎಂದು ಕರೆದರೆ ಪದೇಪದೇ ಖರ್ಚನ್ನು ಸಮರ್ಥಿಸುವ ಗೋಜಿಲ್ಲ. 1922ರ ಜನವರಿ 1ರಂದು ಜಾರಿಗೆ ಬಂದ, ಸರ್ಕಾರಿ ನೌಕರರ ಸೇವಾ ನಿಯಮಗಳಾದ ಫಂಡಮೆಂಟಲ್ ರೂಲ್ಸ್‌ನ 44ನೇ ನಿಯಮ ಏನನ್ನುತ್ತದೆ ನೋಡಿ: ಪರಿಹಾರ ಭತ್ಯೆಯು ಒಟ್ಟಾರೆ ನೋಡಿದಾಗ ಪಡೆಯುವವನಿಗೆ ಲಾಭದ ಮೂಲವಾಗಬಾರದು. ಪ್ರವಾಸ ಭತ್ಯೆ, ತುಟ್ಟಿ ಊರಿನ ಭತ್ಯೆ, ಜ್ವರದ ಸೀಮೆಯ ಭತ್ಯೆ ಎಲ್ಲವೂ ಈ ಕಟ್ಟಿನೊಳಗೆ. ಸಂಬಳಕ್ಕೆ ಈ ಕಟ್ಟಿಲ್ಲ.

1923ರಲ್ಲಿ ನೇಮಕವಾಗಿ ಮರುವರ್ಷ ವರದಿ ಕೊಟ್ಟ, ಮೇಲಿನ ಹುದ್ದೆಗಳ ಸೇವೆಗಳನ್ನು ಪರಿಶೀಲಿಸಿದ ಲೀ ಆಯೋಗ ಹಳೆಯ ವಿನಿಮಯ ಸೂತ್ರವನ್ನು ಹಿಂಬಾಗಿಲಿನಿಂದ ಒಳತಂದಿತು. ಐರೋಪ್ಯ ಅಧಿಕಾರಿ ತನ್ನ ಓವರ್‌ಸೀಸ್ ಪೇಯನ್ನು ರೂಪಾಯಿಗೆ 2 ಶಿಲ್ಲಿಂಗಿನಂತೆ (ಶಿಲ್ಲಿಂಗಿಗೆ 12 ಪೆನ್ಸ್) ಊರಿಗೆ ಕಳಿಸಬಹುದು ಎಂದಿತು. 300 ರೂಪಾಯಿ ಓವರ್‌ಸೀಸ್ ಪೇ ಇದ್ದವನಿಗೆ 600 ಶಿಲ್ಲಿಂಗ್, ಅಂದರೆ 30 ಪೌಂಡ್. ರೂಪಾಯಿ 1 ಶಿಲ್ಲಿಂಗ್ 6 ಪೆನ್ಸಿಗೆ ನಿಂತಾಗ ಆ 30 ಪೌಂಡಿನ ಬೆಲೆ 400 ರೂಪಾಯಿ. ಕಾಗದದ ಮೇಲೆ 300, ಖಜಾನೆಗೆ 400. ಇದರ ಜೊತೆಗೆ ಸೇವಾವಧಿಯಲ್ಲಿ ಅಧಿಕಾರಿಗೂ ಹೆಂಡತಿಗೂ ನಾಲ್ಕು ಸಲ ಹೋಗಿಬರುವ ಹಡಗಿನ ಟಿಕೆಟ್. 1924ರ ಸೆಪ್ಟೆಂಬರಿನಲ್ಲಿ ಕೇಂದ್ರ ಶಾಸನಸಭೆಯಲ್ಲಿ ಮೋತಿಲಾಲ್ ನೆಹರೂ ಈ ಶಿಫಾರಸುಗಳ ವಿರುದ್ಧ ತಿದ್ದುಪಡಿ ಮಂಡಿಸಿ ಗೆದ್ದರು. ಸರ್ಕಾರ ಅದನ್ನು ಬದಿಗಿಟ್ಟು ಮುಂದುವರಿಯಿತು.

ಈ ಮಟ್ಟದಲ್ಲಿ ಯಾರೂ ಬೆಲೆ ಸೂಚ್ಯಂಕವನ್ನು ಆಧಾರವಾಗಿ ಹಿಡಿಯಲಿಲ್ಲ ಎಂಬುದನ್ನು ಗಮನಿಸಬೇಕು. ಕಾರಣವೂ ಇದೆ. ಬ್ರಿಟನ್ನಿನ ಜೀವನವೆಚ್ಚ ಸೂಚ್ಯಂಕ ಅಲ್ಲಿನ ಕಾರ್ಮಿಕ ಕುಟುಂಬದ್ದು. ವಸತಿ ಶಾಲೆಯ ಶುಲ್ಕ, ಹಡಗಿನ ಟಿಕೆಟ್ ಅದರ ಬುಟ್ಟಿಯಲ್ಲಿ, ಅಂದರೆ ಬೆಲೆ ನೋಡುವ ಸರಕುಗಳ ಪಟ್ಟಿಯಲ್ಲಿ, ಇಲ್ಲ. ಬೊಂಬಾಯಿಯ ಸೂಚ್ಯಂಕ ಗಿರಣಿ ಕಾರ್ಮಿಕನದು. ಹೀಗಾಗಿ ಮೇಲಿನ ಹುದ್ದೆಗಳ ಭತ್ಯೆ ಅಹವಾಲು, ಮಾದರಿ ಕುಟುಂಬದ ಖರ್ಚಿನ ಪಟ್ಟಿ, ನೇಮಕಾತಿಗೆ ಜನ ಸಿಗುತ್ತಿಲ್ಲ ಎಂಬ ಆತಂಕ, ಇವುಗಳ ಮೇಲೆ ನಿಂತಿತ್ತು. ದರಪಟ್ಟಿ ಹಿಡಿದು ಅಳೆದದ್ದು ಕೆಳಗಿನವರನ್ನು.

ಕೆಳಗಿನ ಅಳತೆಗೋಲು ‘ರೂಪಾಯಿಗೆ ಎಷ್ಟು ಸೇರು’. ಜಿಲ್ಲೆಗಳಿಂದ ಹದಿನೈದು ದಿನಕ್ಕೊಮ್ಮೆ ಅಕ್ಕಿ, ಜೋಳ, ರಾಗಿ, ಗೋಧಿ, ಉಪ್ಪಿನ ಚಿಲ್ಲರೆ ದರ ಮೇಲಕ್ಕೆ ಹೋಗಿ ಗೆಜೆಟ್ಟಿನಲ್ಲಿ ಅಚ್ಚಾಗುತ್ತಿತ್ತು. ಊರಿನ ಮುಖ್ಯ ಧಾನ್ಯ ಗೊತ್ತುಮಾಡಿದ ಮಟ್ಟಕ್ಕಿಂತ ತುಟ್ಟಿಯಾದರೆ ಜವಾನರು, ಪೊಲೀಸ್ ಪೇದೆಗಳಂಥ ಸಣ್ಣ ಸಂಬಳದವರಿಗೆ ಧಾನ್ಯ ಭತ್ಯೆ. ಬೆಲೆ ಇಳಿದರೆ ಭತ್ಯೆ ನಿಲ್ಲುತ್ತದೆ. ಸರಳ, ಬೇಗ ಜಾರಿಯಾಗುವಂಥದು, ಮತ್ತು ಎಡವಟ್ಟಿಗೆ ಹೇಳಿ ಮಾಡಿಸಿದಂಥದು.

ಮೊದಲ ತೊಡಕು ಸೇರೇ. ಸರ್ಕಾರಿ ಸೇರು 80 ತೊಲೆಯ ತೂಕ. ಆದರೆ ಬೊಂಬಾಯಿ ಕರ್ನಾಟಕದ ಸಂತೆಯಲ್ಲಿ, ದಕ್ಷಿಣ ಕನ್ನಡದ ಅಂಗಡಿಯಲ್ಲಿ ಸೇರು ಎಂದರೆ ಪಾತ್ರೆಯ ಅಳತೆ, ಅದೂ ಊರಿಗೊಂದು. ಒಂದೇ ಪಾತ್ರೆಯಲ್ಲಿ ಜೋಳದ ತೂಕ ಒಂದು, ಭತ್ತದ್ದು ಇನ್ನೊಂದು, ಹೊಸ ಅಕ್ಕಿಯದೇ ಒಂದು, ಹಳೆಯದರದೇ ಒಂದು. ತೂಕಕ್ಕೆ ತಿರುಗಿಸುವ ಕೋಷ್ಟಕ ತಪ್ಪಾದರೆ ಬೆಲೆ ಏರದೆಯೂ ಭತ್ಯೆ ಸಿಗಬಹುದು, ಏರಿಯೂ ತಪ್ಪಬಹುದು.

ಎರಡನೆಯದು ಕಣ್ಣಿಗೆ ಬೀಳದ ತೊಡಕು. ರೂಪಾಯಿಗೆ 8 ಸೇರು ಇದ್ದದ್ದು 6 ಸೇರಾದರೆ, ಸೇರು ಇಳಿದದ್ದು ಶೇ. 25. ಬೆಲೆ ಏರಿದ್ದು ಶೇ. 33. ಸೇರಿಗೆ 2 ಆಣೆ ಇದ್ದದ್ದು 2 ಆಣೆ 8 ಪೈ (12 ಪೈಗೆ ಒಂದು ಆಣೆ) ಆಗಿದೆ. ಭತ್ಯೆಯನ್ನು ಶೇ. 25ಕ್ಕೆ ಕಟ್ಟಿದರೆ ಹೊಟ್ಟೆಗೆ ಕಡಿಮೆ ಬೀಳುತ್ತದೆ. ಸರಾಸರಿ ತೆಗೆಯುವಾಗ ಇದು ಇನ್ನೂ ಕೆಡುತ್ತದೆ. ಒಂದು ಪೇಟೆಯಲ್ಲಿ 10 ಸೇರು, ಇನ್ನೊಂದರಲ್ಲಿ 5 ಸೇರು ಎಂದಿರಲಿ. ಸರಾಸರಿ 7½ ಸೇರು ಎಂದು ಬರೆದರೆ ಸೇರಿಗೆ 2.13 ಆಣೆ ಆಗುತ್ತದೆ. ನಿಜವಾದ ಬೆಲೆಗಳು 1.6 ಮತ್ತು 3.2 ಆಣೆ. ಅವುಗಳ ಸರಾಸರಿ 2.4. ಸೇರುಗಳನ್ನು ಕೂಡಿ ಭಾಗಿಸಿದಾಗಲೆಲ್ಲ ತುಟ್ಟಿ ಅಸಲಿಗಿಂತ ಕಡಿಮೆ ಕಾಣುತ್ತದೆ. ಪೇಟೆ ಪೇಟೆಗೂ ಬೆಲೆ ಏರುಪೇರಾಗುವ ಬರಗಾಲದಲ್ಲೇ ಈ ದೋಷ ಅತಿ ಹೆಚ್ಚು. ಅಂದರೆ ಭತ್ಯೆ ಅತ್ಯಗತ್ಯವಾದಾಗಲೇ.

ಧಾನ್ಯವೊಂದನ್ನೇ ನೋಡುವುದು ಸಾಲದು ಎಂಬುದು ಮೊದಲ ಮಹಾಯುದ್ಧದಲ್ಲಿ ಬಟ್ಟೆಯ ಬೆಲೆ ಸಿಡಿದಾಗ ಎಲ್ಲರಿಗೂ ಗೊತ್ತಾಯಿತು. ಬೊಂಬಾಯಿ ಸರ್ಕಾರ 1921ರಲ್ಲಿ ಲೇಬರ್ ಆಫೀಸ್ ತೆರೆದು 1914ರ ಜುಲೈ ತಿಂಗಳನ್ನು 100 ಎಂದಿಟ್ಟು ಕಾರ್ಮಿಕರ ಜೀವನವೆಚ್ಚ ಸೂಚ್ಯಂಕ ಪ್ರಕಟಿಸತೊಡಗಿತು. ವಿಧಾನ ಇದು: ಬುಟ್ಟಿಯಲ್ಲಿ ಏನೇನು ಎಷ್ಟೆಷ್ಟು ಎಂದು ಗೊತ್ತುಮಾಡು, ಪ್ರತಿ ಗುಂಪಿಗೂ ಖರ್ಚಿನಲ್ಲಿ ಅದರ ಪಾಲಿನಷ್ಟು ತೂಕ ಕೊಡು, ಪ್ರತಿ ತಿಂಗಳೂ ಅದೇ ಬುಟ್ಟಿಗೆ ಬೆಲೆ ಕಟ್ಟು. ಒಂದು ಕಾಲ್ಪನಿಕ ಲೆಕ್ಕ ನೋಡಿ. ತೂಕಗಳು: ಆಹಾರ 60, ಉರುವಲು ಮತ್ತು ದೀಪ 8, ಬಟ್ಟೆ 9, ಬಾಡಿಗೆ 13, ಇತರೆ 10. ಬೆಲೆಗಳು 100ರಿಂದ ಕ್ರಮವಾಗಿ 180, 150, 250, 100, 140ಕ್ಕೆ ಹೋಗಿವೆ. ಗುಣಿಸಿ ಕೂಡಿದರೆ 169½. ಈಗ ಬೆಲೆಗಳನ್ನು ಮುಟ್ಟದೆ ಆಹಾರದ ತೂಕವನ್ನು 45ಕ್ಕೆ ಇಳಿಸಿ ಬಾಡಿಗೆಯದನ್ನು 28ಕ್ಕೆ ಏರಿಸಿ. ಸೂಚ್ಯಂಕ 157½. ಹನ್ನೆರಡು ಅಂಶ ಎಲ್ಲಿ ಹೋಯಿತು ಎಂದು ಯಾವ ಅಂಗಡಿಯಲ್ಲೂ ಗೊತ್ತಾಗುವುದಿಲ್ಲ.

ಆದ್ದರಿಂದಲೇ ತೂಕಗಳ ಮೇಲೆ ಜಗಳ. ಬೊಂಬಾಯಿಯ ಮೊದಲ ಸೂಚ್ಯಂಕದ ತೂಕಗಳು ಆ ನಗರದ ಕುಟುಂಬಗಳ ಖರ್ಚಿನಿಂದ ಬಂದವಲ್ಲ. ದೇಶದ ಒಟ್ಟು ಬಳಕೆಯ ಅಂದಾಜಿನಿಂದ ಬಂದವು. ‘ಇತರೆ’ ಎಂಬ ಗುಂಪೇ ಇರಲಿಲ್ಲ. ಕ್ಷೌರ, ಔಷಧ, ಎಲೆಅಡಿಕೆ, ಸಾಲದ ಬಡ್ಡಿಯ ಮಾತೇ ಇಲ್ಲ. ಆಮೇಲೆ ಕುಟುಂಬಗಳ ಆಯವ್ಯಯ ಸಮೀಕ್ಷೆ ನಡೆಸಿ, 1933-34ನ್ನು ಆಧಾರವಾಗಿಟ್ಟ ಹೊಸ ಸೂಚ್ಯಂಕ ಬಂತು. ಬಾಡಿಗೆಯದು ಬೇರೆಯೇ ಕಥೆ. ಬೊಂಬಾಯಿಯಲ್ಲಿ 1918ರಿಂದ ಬಾಡಿಗೆ ನಿಯಂತ್ರಣ ಕಾಯ್ದೆಯಿತ್ತು. ನಿಯಂತ್ರಿತ ಬಾಡಿಗೆ ಇರುವ ಕಡೆ ಕಾಗದದ ದರ ನಿಂತಲ್ಲೇ ನಿಲ್ಲುತ್ತದೆ, ಒಳಗೆ ಬರುವವನು ಬಾಡಿಗೆಯ ಹೊರಗೆ ಗುಟ್ಟಾಗಿ ಕೊಡುವ ಪಗಡಿ ಯಾವ ನಮೂನೆಯಲ್ಲೂ ದಾಖಲಾಗುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ರೇಷನ್ ಅಂಗಡಿಯ ದರ ಮತ್ತು ಕಾಳಸಂತೆಯ ದರದ ನಡುವೆಯೂ ಇದೇ ಕಂದಕ.

ಆ ಯುದ್ಧದಲ್ಲೇ ತುಟ್ಟಿಭತ್ಯೆ ಇಂದಿನ ರೂಪಕ್ಕೆ ಬಂತು. 1940ರಲ್ಲಿ ಜಿ.ಐ.ಪಿ. (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆ ನೌಕರರ ಬೇಡಿಕೆ ವಿಚಾರಿಸಲು ಒಂದು ವಿಚಾರಣಾ ನ್ಯಾಯಾಲಯ ನೇಮಕವಾಯಿತು. ಅದರ ಅಧ್ಯಕ್ಷರು ದಕ್ಷಿಣ ಕನ್ನಡ ಮೂಲದ ಐಸಿಎಸ್ ಅಧಿಕಾರಿ, ಮುಂದೆ ಸಂವಿಧಾನ ಸಭೆಯ ಸಲಹೆಗಾರರಾದ ಬೆನಗಲ್ ನರಸಿಂಗರಾವ್. ಅಂದಿನಿಂದ ಕೇಂದ್ರ ಮತ್ತು ಪ್ರಾಂತೀಯ ಸರ್ಕಾರಗಳೆಲ್ಲ ಎದುರಿಸಿದ ಪ್ರಶ್ನೆ ಒಂದೇ: ಬೆಲೆಯೇರಿಕೆಯ ಎಷ್ಟು ಭಾಗವನ್ನು ಯಾರಿಗೆ ತುಂಬಿಕೊಡಬೇಕು? ಎಲ್ಲರಿಗೂ ಪೂರ್ತಿ ಕೊಟ್ಟರೆ, ಯುದ್ಧಕಾಲದಲ್ಲಿ ಸರಕು ಹೆಚ್ಚದೆ ಹಣ ಮಾತ್ರ ಹೆಚ್ಚಿ ಬೆಲೆ ಮತ್ತೆ ಏರುತ್ತದೆ ಎಂಬುದು ಖಜಾನೆಯ ವಾದ. ಕಡಿಮೆ ಸಂಬಳದವನ ಖರ್ಚಿನಲ್ಲಿ ಕತ್ತರಿಸಲು ಏನೂ ಉಳಿದಿಲ್ಲ ಎಂಬುದು ನೌಕರರ ವಾದ. ರಾಜಿ ಹೀಗಾಯಿತು: ಕೆಳಗೆ ಹೆಚ್ಚು ಪರಿಹಾರ, ಮೇಲೆ ಹೋದಂತೆ ಕಡಿಮೆ, ಒಂದು ಸಂಬಳದ ಮೇಲೆ ಏನೂ ಇಲ್ಲ. ಊರಿನ ಗಾತ್ರ ನೋಡಿ ದರ ಬೇರೆ.

ಮಿತಿ ಇಟ್ಟಲ್ಲಿ ಹೊಸ ತೊಡಕು. 60 ರೂಪಾಯಿವರೆಗೆ 6 ರೂಪಾಯಿ ಭತ್ಯೆ ಎಂದಿರಲಿ. 60 ಇದ್ದವನ ಕೈಗೆ 66, 61 ಇದ್ದವನಿಗೆ 61. ಬಡ್ತಿ ಸಿಕ್ಕವನು ಬಡವನಾದ. ಪರಿಹಾರ, ಅಂಚಿನ ಹೊಂದಾಣಿಕೆ: ಮಿತಿ ದಾಟಿದವನಿಗೆ 66 ತುಂಬುವಷ್ಟು ಮಾತ್ರ ಕೊಡುವುದು. 61ರವನಿಗೆ 5, 64ರವನಿಗೆ 2, 66ರವನಿಗೆ ಇಲ್ಲ. ಇದರಿಂದ ಅನ್ಯಾಯ ತಪ್ಪಿದರೂ 60ರಿಂದ 66ರವರೆಗೆ ಎಲ್ಲರ ಕೈಗೂ ಒಂದೇ ಮೊತ್ತ. ಅಷ್ಟು ವರ್ಷಗಳ ಇನ್‌ಕ್ರಿಮೆಂಟ್ ಸುಮ್ಮನೆ ಮಾಯ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ವಿಳಂಬ. ಬೆಲೆ ತಿಂಗಳಿಗೆ ಶೇ. 3ರಂತೆ ಏರುತ್ತಿದೆ, ಮೂರು ತಿಂಗಳ ಸರಾಸರಿ ಸೂಚ್ಯಂಕದ ಮೇಲೆ ಭತ್ಯೆ, ಅದೂ ಎರಡು ತಿಂಗಳು ತಡವಾಗಿ ಕೈಗೆ ಬರುತ್ತದೆ ಎನ್ನಿ. ಮೂರು ತಿಂಗಳ ಸರಾಸರಿಯೇ ಒಂದು ತಿಂಗಳು ಹಿಂದಿನದು. ಒಟ್ಟು ಮೂರು ತಿಂಗಳ ಹಿಂದಿನ ಬೆಲೆಗೆ ಇಂದಿನ ಭತ್ಯೆ. ಸೂತ್ರದಲ್ಲಿ ಶೇ. 100 ಪರಿಹಾರ ಎಂದು ಬರೆದಿದ್ದರೂ ಪ್ರತಿ ತಿಂಗಳೂ ಸುಮಾರು ಶೇ. 9 ಕೊರತೆ. ಬೇಗ ಪರಿಷ್ಕರಿಸಿದರೆ ಖಜಾನೆಗೆ ನಡುಕ, ನಿಧಾನಿಸಿದರೆ ಬೀದಿಗೆ ಬರುತ್ತಾರೆ. ನೈಜೀರಿಯಾದಲ್ಲಿ ಎರಡನೆಯದಾಯಿತು. ಅಲ್ಲಿ 1942ರಲ್ಲಿ ಬ್ರಿಡ್ಜಸ್ ಸಮಿತಿಯ ಲೆಕ್ಕದ ಮೇಲೆ ಜೀವನವೆಚ್ಚ ಭತ್ಯೆ ಕೊಟ್ಟ ವಸಾಹತು ಸರ್ಕಾರ ಆಮೇಲೆ ಬೆಲೆ ಏರಿದರೂ ಅದನ್ನು ಪರಿಷ್ಕರಿಸಲಿಲ್ಲ. 1945ರ ಜೂನ್‌ನಲ್ಲಿ ರೈಲ್ವೆ, ಅಂಚೆ, ತಂತಿ ಮೊದಲಾದ ಇಲಾಖೆಗಳ ಸಾವಿರಾರು ನೌಕರರು ಮುಷ್ಕರ ಹೂಡಿದರು. ತಿಂಗಳು ದಾಟಿದರೂ ಮುಷ್ಕರ ನಿಲ್ಲಲಿಲ್ಲ. ನಂತರ ಬಂದ ಟ್ಯೂಡರ್ ಡೇವಿಸ್ ಆಯೋಗ ಭತ್ಯೆಯನ್ನು ಶೇ. 50 ಏರಿಸಲು ಹೇಳಿತು. ನೌಕರರು ಕೇಳಿದ್ದೂ ಅಷ್ಟೇ.

ಇಲ್ಲಿ, 1946ರಲ್ಲಿ ನೇಮಕವಾದ ವರದಾಚಾರಿಯರ್ ಅಧ್ಯಕ್ಷತೆಯ ಮೊದಲ ಕೇಂದ್ರ ವೇತನ ಆಯೋಗ ಕನಿಷ್ಠ ಸಂಬಳ 30 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ 25 ರೂಪಾಯಿ ಎಂದು ಗೊತ್ತುಮಾಡಿತು. ಹುಂಡಿ ದರದ ಅಳತೆಗೋಲು ಸಾಹೇಬರ ಜೊತೆ ಹಡಗು ಹತ್ತಿತು. ಉಳಿದದ್ದು ಜೋಳದ ದರದ ಸಂತತಿ. ಈಗ ಕೇಂದ್ರ ನೌಕರರ ಭತ್ಯೆ ವರ್ಷಕ್ಕೆ ಎರಡು ಸಲ, ಹನ್ನೆರಡು ತಿಂಗಳ ಸರಾಸರಿ ಬೆಲೆ ಸೂಚ್ಯಂಕ, ಏಳನೇ ಕೇಂದ್ರ ವೇತನ ಆಯೋಗದ ಆಧಾರ ಅಂಕಿಯಾದ 261.42ಕ್ಕಿಂತ ಶೇಕಡಾ ಎಷ್ಟು ಮೇಲಿದೆ ಎಂಬುದರ ಮೇಲೆ ನಿಂತಿದೆ. ಕರ್ನಾಟಕದ ನೌಕರರಿಗೆ ಏಳನೇ ರಾಜ್ಯ ವೇತನ ಆಯೋಗದ ನಂತರ ಕೇಂದ್ರದ ಪ್ರತಿ ಶೇ. 1ಕ್ಕೆ ಶೇ. 0.722 ಮಾತ್ರ ಬರುವುದನ್ನು ನೋಡಿ ಹಲವರು ಕಡಿತವಾಯಿತು ಎಂದುಕೊಳ್ಳುತ್ತಾರೆ. ರಾಜ್ಯದ ಮೂಲವೇತನ 2022ರ ಜುಲೈನ ಬೆಲೆಮಟ್ಟಕ್ಕೆ ಹೊಂದಿಕೊಂಡಿದೆ, ಆಗಿನ ಸರಾಸರಿ ಸೂಚ್ಯಂಕ 361ರ ಮೇಲಿತ್ತು. ಕೇಂದ್ರದ ಆಧಾರವಾದ 261.42ನ್ನು ಅದರಿಂದ ಭಾಗಿಸಿದರೆ ಬರುವುದು ಹೆಚ್ಚುಕಡಿಮೆ 0.722.